ನಾಯಿ ಬೆಕ್ಕುಗಳಿಗೆ ಮೊಲದ ಮಾಂಸವನ್ನು ಉಣಿಸುವ ಕ್ರಮ

ಮಾಂಸಕ್ಕಾಗಿ ಮೊಲಗಳನ್ನು ಸಾಕುವ ಉದ್ಯಮವು ಅಲ್ಪ ಬಂಡವಾಳದಿಂದ ಆರಂಭಿಸತಕ್ಕದ್ದೂ ಶೀಘ್ರವಾಗಿ ವೃದ್ಧಿಹೊಂದತಕ್ಕದ್ದೂ ಆಗಿರುವುದರಿಂದ, ತೋಟದ ಮನೆಗಳಲ್ಲಿಯೂ ದನದ ಕೊಟ್ಟಿಗೆಗಳ ಪಕ್ಕದಲ್ಲಿಯೂ ಮೊಲದ ಗೂಡುಗಳು ಕಾಣಬರುತ್ತವೆ. ಹೆಣ್ಣು ಮೊಲವು ಸುಮಾರು 31 ದಿನಗಳ ಕಾಲ ಗರ್ಭವನ್ನು ಧರಿಸಿ, ಒಂದೊಂದು ಸೂಲಿಗೆ ಆರೆಂಟು ಮರಿಗಳನ್ನು ಈಯುತ್ತದೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಮೊದಲಾದ ತಳಿಗಳ ಮರಿಯು ಒಳ್ಳೆಯ ಮೇವಿನಿಂದ ಮೂರು ತಿಂಗಳಿಗೆ ಹೆಚ್ಚುಕಡಿಮೆ 2 ಕಿಲೋಗ್ರಾಂ ತೂಗುತ್ತದೆ. ಆದರೆ ಈ ತೂಕದಲ್ಲಿ ಅಡುಗೆಯ ಪಾತ್ರೆಯನ್ನು ಸೇರುವುದು ಸುಮಾರು ಅರ್ಧ ಭಾಗ ಮಾತ್ರ. ಉಳಿದ ಅರ್ಧವು ರಕ್ತ, ಚರ್ಮ, ತಲೆ, ಪಾದ, ಕರುಳು ಇತ್ಯಾದಿಯಾಗಿ ಹೋಗುತ್ತದೆ. ವಾರಕ್ಕೆ ಐದು ಮೊಲಗಳನ್ನು ಕೊಯ್ಯುವ ಮನೆಯಲ್ಲಿ ವರ್ಷಕ್ಕೆ ಸುಮಾರು 260 ಕಿಲೋಗ್ರಾಂಗಳಷ್ಟು ಇಂತಹ ಪದಾರ್ಥವು ಶೇಖರವಾಗುವುದೆಂದು ಲೆಕ್ಕಹಾಕಬಹುದು. ಇದು ಹೋಗುವುದಾದರೂ ಎಲ್ಲಿಗೆ? ಕೊಯ್ಯುವವನ ಮುಂದೆ ಬಾಲವಾಡಿಸುತ್ತ ಕುಳಿತಿರುವ ನಾಯಿಯ ಬಾಯಿಗೇ ಹೋಗುತ್ತದೆ.

ಮೊಲದ ಮಾಂಸವು ನಾಯಿಗೂ ಬೆಕ್ಕಿಗೂ ಒಳ್ಳೆಯ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ಅದು ಸುಲಭವಾಗಿ ಜೀರ್ಣವಾಗುತ್ತದೆ. ಅದರಲ್ಲಿ ಮಾಂಸಪೋಷಕಾಂಶವು ವಿಶೇಷವಾಗಿಯೂ ಕೊಬ್ಬು ಸ್ವಲ್ಪವಾಗಿಯೂ ಇರುತ್ತದೆ. ಕೋಳಿ, ದನ ಇವುಗಳ ಮಾಂಸವು ಒಗ್ಗದೆ ಮೈಯೆಲ್ಲ ತುರಿಸಿಕೊಳ್ಳುವ ನಾಯಿಗಳಿಗೆ, ಅವು ಹಿಂದೆ ಎಂದೂ ತಿಂದಿರದ ಮಾಂಸವೆಂಬ ಕಾರಣದಿಂದ, ಪಶುವೈದ್ಯರು ಎಂಟು ವಾರಗಳ ಕಾಲ ಮೊಲದ ಮಾಂಸವನ್ನೇ ಪಥ್ಯವಾಗಿ ವಿಧಿಸುವುದೂ ಉಂಟು. ದೋಷವಿರುವುದು ಮಾಂಸದಲ್ಲಿ ಅಲ್ಲ. ಅದನ್ನು ಹಸಿಯಾಗಿ, ಒಳಾಂಗಗಳ ಸಮೇತ, ಪರೀಕ್ಷೆಯಿಲ್ಲದೆ ಎಸೆಯುವ ವಾಡಿಕೆಯಲ್ಲಿ. ಈ ವಾಡಿಕೆಯಿಂದಾಗುವ ಹಾನಿಯು ನಾಯಿಯ ಹೊಟ್ಟೆಯಲ್ಲಿಯೇ ನಿಲ್ಲದೆ ಮೊಲದ ಗೂಡಿಗೆ ಹಿಂದಿರುಗುತ್ತದೆ.

ಇಲ್ಲಿ ಮೊಲವೆಂದರೆ ಗೂಡಿನಲ್ಲಿ ಸಾಕಿದ ಮೊಲವೆಂದೇ ತಿಳಿಯಬೇಕು. ಹೊಲದ ಬದುಗಳಲ್ಲಿ ಓಡಾಡುವ ಕಾಡುಮೊಲವು ಬೇರೆಯೇ ಜಾತಿಯದು. ಸಾಕುಮೊಲದೊಡನೆ ಅದು ಸಂಕರವಾಗುವುದೂ ಇಲ್ಲ. ಅದನ್ನು ಬಲೆ, ಉರುಲು, ಬೇಟೆನಾಯಿ ಇವುಗಳಿಂದ ಹಿಡಿಯುವುದು 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಹಬ್ಬದ ಕಾಲದಲ್ಲಿ ಬೇಟೆಗೆ ಹೊರಡುವ ಪದ್ಧತಿಯಿರುವ ಊರುಗಳಲ್ಲಿ ಹಿರಿಯರು ಈ ವಿಷಯವನ್ನು ಮೊದಲೇ ತಿಳಿಯಹೇಳುವುದು ಯುಕ್ತ.

ಹಸಿ ಒಳಾಂಗಗಳಿಂದ ಉಂಟಾಗುವ ಮುಖ್ಯ ಕೇಡು ಲಾಡಿಹುಳು. ಇದರ ಜೀವನಕ್ರಮವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳಿಗೆಲ್ಲ ಕಾರಣವು ತಾನಾಗಿಯೇ ಹೊಳೆಯುವುದು. ಟೀನಿಯಾ ಪಿಸಿಫಾರ್ಮಿಸ್ ಎಂಬ ಲಾಡಿಹುಳುವು ನಾಯಿಯ ಸಣ್ಣ ಕರುಳಿನಲ್ಲಿ ಕಚ್ಚಿಕೊಂಡು ಒಂದು ಮೀಟರಿಗೂ ಮೀರಿ ಬೆಳೆಯಬಲ್ಲುದು. ಅದರ ತುದಿಯ ಗಣ್ಣುಗಳು ತತ್ತಿಗಳಿಂದ ತುಂಬಿ, ಕಳಚಿ, ಮಲದೊಡನೆ ಹೊರಬೀಳುತ್ತವೆ. ನಾಯಿಯು ಮಲವಿಸರ್ಜನೆಗೆ ಆರಿಸಿಕೊಳ್ಳುವ ಸ್ಥಳ ಯಾವುದೆಂಬುದು ಎಲ್ಲ ರೈತರಿಗೂ ಗೊತ್ತು: ತೋಟದ ಅಂಚು, ಕಾಲುವೆಯ ಏರಿ, ಹಸಿರು ಹುಲ್ಲಿನ ಮಡಿ. ತೇವವೂ ನೆರಳೂ ಇರುವಲ್ಲಿ ಈ ತತ್ತಿಗಳು ತಿಂಗಳುಗಟ್ಟಲೆ ಜೀವದಿಂದಿರುತ್ತವೆ. ಮರುದಿನ ಆಳು ಅದೇ ಹುಲ್ಲನ್ನು ಕೊಯ್ದು ಮೊಲದ ಗೂಡಿಗೆ ಹಾಕುತ್ತಾನೆ. ಮೊಲದ ಹೊಟ್ಟೆಯಲ್ಲಿ ತತ್ತಿಯು ಒಡೆದು, ಅದರೊಳಗಿನ ಮರಿಯು ಕರುಳನ್ನು ಭೇದಿಸಿ, ರಕ್ತದ ಮೂಲಕ ಈಲಿಯನ್ನು, ಎಂದರೆ ಯಕೃತ್ತನ್ನು ಸೇರುತ್ತದೆ. ಕೆಲವು ವಾರಗಳ ಕಾಲ ಅದರೊಳಗೆ ದಾರಿ ಕೊರೆದುಕೊಂಡು ಹೊರಬಂದು, ಕರುಳನ್ನು ಹೊದೆದಿರುವ ತೆಳುವಾದ ಪರದೆಯ ಮೇಲೆ ಬಟಾಣಿಯ ಕಾಳಿನಷ್ಟು ಗಾತ್ರದ ನೀರುಗುಳ್ಳೆಯಾಗಿ ನೆಲೆಸುತ್ತದೆ. ಆ ಹುಳುವಿನ ಶಾಸ್ತ್ರೀಯ ನಾಮಕ್ಕೆ ಬಟಾಣಿಯ ಆಕಾರದ್ದೆಂಬ ಅರ್ಥವಿರುವುದು ಇದರಿಂದಲೇ. ಇಂತಹ ಗುಳ್ಳೆಗಳಿರುವ ಕರುಳನ್ನು ಹಸಿಯಾಗಿ ತಿಂದ ನಾಯಿಯಲ್ಲಿ ಸುಮಾರು ಆರರಿಂದ ಎಂಟು ವಾರಗಳೊಳಗಾಗಿ ಹುಳುವು ಪೂರ್ಣವಾಗಿ ಬೆಳೆದು ತತ್ತಿಗಳನ್ನು ಚೆಲ್ಲಲಾರಂಭಿಸುತ್ತದೆ. ಹೀಗೆ ನಾಯಿಯಿಂದ ಹುಲ್ಲಿಗೆ, ಹುಲ್ಲಿನಿಂದ ಮೊಲಕ್ಕೆ, ಮೊಲದಿಂದ ನಾಯಿಗೆ ಸುತ್ತುವ ಈ ಚಕ್ರವನ್ನು ತಿರುಗಿಸುತ್ತಿರುವವನು ಕರುಳನ್ನು ಎಸೆಯುವ ಯಜಮಾನನೇ ಹೊರತು ಬೇರೆಯವನಲ್ಲ.

ಈ ಹುಳುವು ಮನುಷ್ಯನಿಗೆ ತಗಲುವುದಿಲ್ಲವೆಂಬುದು ಸಮಾಧಾನದ ಸಂಗತಿ. ಬಲವಾದ ನಾಯಿಯು ಒಂದೆರಡು ಹುಳುಗಳನ್ನು ಹೊತ್ತುಕೊಂಡು ಹೊರನೋಟಕ್ಕೆ ಸುಖವಾಗಿಯೇ ಇರಬಹುದು. ಮರಿಗಳು ಮಾತ್ರ ಸೊರಗಿ, ಹೊಟ್ಟೆ ಉಬ್ಬಿ, ರೋಮದ ಹೊಳಪನ್ನು ಕಳೆದುಕೊಳ್ಳುತ್ತವೆ. ಹೆಚ್ಚಿನ ನಷ್ಟವು ಗೂಡಿನಲ್ಲಿ. ತತ್ತಿಗಳನ್ನು ವಿಶೇಷವಾಗಿ ನುಂಗಿದ ಮೊಲಗಳ ಯಕೃತ್ತು ಕೆಟ್ಟು ಅವು ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತವೆ. ಸಾಕುವವನು ಮೇವನ್ನು ದೂಷಿಸುತ್ತಾನೆ. ಇದೇ ಗುಂಪಿಗೆ ಸೇರಿದ ಟೀನಿಯಾ ಸೀರಿಯಾಲಿಸ್ ಎಂಬ ಇನ್ನೊಂದು ಹುಳುವು ಮೊಲದ ಚರ್ಮದ ಅಡಿಯಲ್ಲಿ ಅಥವಾ ಸ್ನಾಯುಗಳ ನಡುವೆ ದೊಡ್ಡ ಗುಳ್ಳೆಗಳನ್ನುಂಟುಮಾಡುತ್ತದೆ. ಇದರ ತತ್ತಿಯಿಂದ ಮನುಷ್ಯನಿಗೂ ಅತಿ ವಿರಳವಾಗಿ ಬಾಧೆಯಾಗಿರುವುದುಂಟಾದುದರಿಂದ ಅಂತಹ ಗುಳ್ಳೆಯನ್ನು ಕಂಡರೆ ಉದಾಸೀನ ಮಾಡಕೂಡದು.

ಆದಕಾರಣ ಮೊಲವನ್ನು ಕೊಯ್ದಾಗ ಒಳಾಂಗಗಳನ್ನು ಬಿಡಿಸಿ ಹಗಲು ಬೆಳಕಿನಲ್ಲಿ ನೋಡುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಇದಕ್ಕೆ ಬೇಕಾದುದು ಎರಡು ನಿಮಿಷದ ಕಾಲವೂ ಒಂದು ಬಿಳಿಯ ತಟ್ಟೆಯೂ ಅಷ್ಟೇ. ಆರೋಗ್ಯವಾದ ಯಕೃತ್ತು ಕಗ್ಗೆಂಪಾಗಿ, ನುಣುಪಾಗಿ, ಅಂಚು ಚೂಪಾಗಿರುತ್ತದೆ. ಅದರ ಮೇಲೆ ಬಿಳಿಯ ಗೆರೆಗಳು ಎಳೆದಂತೆ ಕಂಡರೆ ಅವು ಹುಳುವಿನ ಮರಿಯು ಸಂಚರಿಸಿದ ದಾರಿಗಳು. ಹಳದಿಮಿಶ್ರಿತ ಬಿಳಿಯ ಗಂಟುಗಳು ಚುಕ್ಕೆಯಿಟ್ಟಂತೆ ಹರಡಿದ್ದರೆ ಅದು ಬಹುಶಃ ಕಾಕ್ಸಿಡಿಯ ರೋಗ. ಮೊಲದ ಕಾಕ್ಸಿಡಿಯವು ನಾಯಿ ಬೆಕ್ಕುಗಳಿಗೆ ಅಂಟುವುದಿಲ್ಲ. ಆದರೆ ರೋಗದ ಯಕೃತ್ತನ್ನು ಹಸಿಯಾಗಿ ತಿಂದ ನಾಯಿಯ ಮಲದಲ್ಲಿ ಅದರ ಬೀಜಗಳು ಜೀರ್ಣವಾಗದೆ ಹಾಗೆಯೇ ಹೊರಬಂದು ಮತ್ತೆ ಮೇವಿನ ಮೇಲೆ ಬೀಳಬಹುದು. ಕೀವಿನ ಗಡ್ಡೆ, ದುರ್ವಾಸನೆ, ಎದೆಯೊಳಗೆ ಕೀವು, ನೀರುಗುಳ್ಳೆ ಇವುಗಳಲ್ಲಿ ಯಾವುದು ಕಂಡರೂ ಆ ಭಾಗವನ್ನು ಪ್ರಾಣಿಗಳಿಗೆ ಹಾಕದೆ ಹೂಳತಕ್ಕದ್ದು. ಕರುಳನ್ನಂತೂ, ಅದು ಎಷ್ಟೇ ಶುದ್ಧವಾಗಿ ಕಂಡರೂ, ಯಾವಾಗಲೂ ಹೂಳುವುದೇ ಲೇಸು. ಗುಂಡಿಯು ಮೂರು ಅಡಿಗಿಂತ ಕಡಿಮೆ ಆಳವಿರಕೂಡದು. ಮೇಲೆ ಸುಣ್ಣವನ್ನೆರಚಿ, ಮಣ್ಣು ತುಂಬಿ, ಒಂದು ಚಪ್ಪಡಿಯನ್ನೋ ಮುಳ್ಳಿನ ಕಂಟಿಯನ್ನೋ ಇಡಬೇಕು. ಕಲ್ಲಿಡದ ಗುಂಡಿಯನ್ನು ನಾಯಿಯು ಆ ರಾತ್ರಿಯೇ ಕೆದರುವುದು ನಿಶ್ಚಯ.

ಗ್ರಾಮದ ಮುಖ್ಯಸ್ಥರು ಈ ವಿಷಯವನ್ನು ಮೊಲ ಸಾಕುವವರ ಸ್ವಂತ ವಿಚಾರವೆಂದು ಬಿಟ್ಟುಬಿಡುವಂತಿಲ್ಲ. ಮೊಲದ ಕರುಳನ್ನು ತಿನ್ನುವ ನಾಯಿಯೇ ಜಾತ್ರೆಯ ದಿನ ಕುರಿಯ ಪುಪ್ಪುಸವನ್ನೂ ಸತ್ತ ಕುರಿಯ ತಲೆಯನ್ನೂ ತಿನ್ನುತ್ತದೆ. ಕುರಿಯ ಮಿದುಳಿನಲ್ಲಿರುವ ಗುಳ್ಳೆಯು ನಾಯಿಯಲ್ಲಿ ಲಾಡಿಹುಳುವಾಗಿ ಬೆಳೆದು, ಅದರ ತತ್ತಿಯನ್ನು ಮೇವಿನೊಡನೆ ತಿಂದ ಕುರಿಗಳು ಒಂದೇ ಕಡೆಗೆ ಸುತ್ತುತ್ತ, ತಲೆಯನ್ನು ಓರೆಮಾಡಿಕೊಂಡು, ಕಡೆಗೆ ಸಾಯುತ್ತವೆ. ಇದಕ್ಕಿಂತಲೂ ಭಯಂಕರವಾದುದು ಎಕಿನೊಕಾಕಸ್ ಎಂಬ ಹುಳು. ಇದು ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಉದ್ದವಾದುದಾದರೂ, ಇದರ ತತ್ತಿಯು ನಾಯಿಯನ್ನು ಮುದ್ದಿಸಿದ ಕೈಯಿಂದ ಮಗುವಿನ ಬಾಯನ್ನು ಸೇರಿದರೆ, ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆದು ಯಕೃತ್ತಿನಲ್ಲಿಯೋ ಪುಪ್ಪುಸದಲ್ಲಿಯೋ ದೊಡ್ಡ ನೀರುಚೀಲವಾಗುತ್ತದೆ. ಅನೇಕ ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಸಾಕುಮೊಲದಿಂದ ಈ ರೋಗವು ಬರುವುದು ಮುಖ್ಯವಲ್ಲ. ಕುರಿ, ಮೇಕೆ, ದನಗಳ ಒಳಾಂಗಗಳೇ ಇದರ ಮೂಲ. ಆದರೆ ಮನೆಯಂಗಳದಲ್ಲಿ ಮೊಲದ ಹಸಿ ಕರುಳಿನ ರುಚಿಗೆ ಒಗ್ಗಿದ ನಾಯಿಯನ್ನು ಕುರಿ ಕೊಯ್ಯುವ ಸ್ಥಳದಿಂದ ದೂರವಿಡುವುದು ಯಾರಿಂದಲೂ ಆಗದು.

ಇದನ್ನು ಒಂದು ದೇಶವೇ ಗೆದ್ದ ಉದಾಹರಣೆಯುಂಟು. ಉತ್ತರ ಅಟ್ಲಾಂಟಿಕ್ ಸಾಗರದ ನಡುವಣ ಐಸ್‌ಲೆಂಡ್ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೀರುಚೀಲದ ರೋಗವು ಮನೆಮನೆಯಲ್ಲಿಯೂ ಕಾಣುವಂತಿತ್ತು. ಅಲ್ಲಿಯ ಜೀವನವೆಲ್ಲ ಕುರಿಗಳ ಮೇಲೆ ನಿಂತಿದ್ದು, ಕುರಿಯೊಡನೆ ನಾಯಿಯೂ ಮನೆಯೊಳಗೇ ವಾಸಿಸುತ್ತಿತ್ತು. 1863ರಲ್ಲಿ ಡೆನ್ಮಾರ್ಕಿನಿಂದ ಹೋದ ಹರಾಲ್ಡ್ ಕ್ರಾಬೆ ಎಂಬ ವಿದ್ವಾಂಸನು ಅಲ್ಲಿಯ ನಾಯಿಗಳನ್ನು ಕೊಯ್ದು ಪರೀಕ್ಷಿಸಿ, ಕಾಲುಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಈ ಹುಳುವನ್ನು ಕಂಡನು. ಅನಂತರ ರೋಗದ ಕಾರಣವನ್ನೂ, ಗುಳ್ಳೆಗಳಿರುವ ಒಳಾಂಗಗಳನ್ನು ನಾಯಿಗೆ ಹಾಕದೆ ನಾಶಮಾಡಬೇಕೆಂಬುದನ್ನೂ ಸುಲಭವಾದ ಮಾತಿನಲ್ಲಿ ತಿಳಿಸುವ ಅವನ ಕಿರುಪುಸ್ತಕವು ಆ ನಾಡಿನ ಮನೆಗಳಿಗೆ ಹಂಚಲ್ಪಟ್ಟಿತು. ನಾಯಿಗಳಿಗೆ ಔಷಧ ಕೊಡಿಸುವ ಕಟ್ಟಳೆಗಳೂ ಮುಂದೆ ಬಂದುವು. ಎರಡು ಮೂರು ತಲೆಮಾರುಗಳಲ್ಲಿ ಹೊಸ ರೋಗಿಗಳು ಕಾಣುವುದೇ ಅಪೂರ್ವವಾಯಿತು. ಈಗಿನ ಪ್ರಬಲವಾದ ಔಷಧಗಳು ಯಾವುವೂ ಆ ಕಾಲದಲ್ಲಿ ಇರಲಿಲ್ಲವೆಂಬುದನ್ನು ಗಮನಿಸಬೇಕು. ಊರಿಗೊಂದು ಕೊಯ್ಯುವ ಸ್ಥಳ, ಅದಕ್ಕೆ ನಾಯಿ ನುಗ್ಗದ ಬೇಲಿ, ಪಕ್ಕದಲ್ಲಿ ಮುಚ್ಚಳವಿರುವ ಗುಂಡಿ ಇವುಗಳನ್ನು ಪಂಚಾಯಿತಿಯು ಏರ್ಪಡಿಸಿದರೆ ಖರ್ಚು ಬಹಳವಾಗದು.

ಇನ್ನು ಅಡುಗೆಯ ಕ್ರಮ. ಹಸಿಮಾಂಸವನ್ನು ತಿಂದ ನಾಯಿಯು ಚುರುಕಾಗಿ ಕಾವಲು ಕಾಯುವುದೆಂದು ಕೆಲವರ ನಂಬಿಕೆ. ಹೊಟ್ಟೆಯಲ್ಲಿ ಹುಳು ತುಂಬಿದ ನಾಯಿಯ ಚುರುಕುತನವು ಎಷ್ಟು ದಿನದ್ದೆಂಬುದನ್ನು ಅವರೇ ವಿಚಾರಿಸಬಹುದು. ಮಾಂಸವನ್ನು ಎರಡು ಅಂಗುಲಕ್ಕಿಂತ ದೊಡ್ಡದಲ್ಲದ ತುಂಡುಗಳಾಗಿ ಮಾಡಿ, ನೀರು ಕುದಿಬಂದ ಮೇಲೆ ಅರ್ಧ ಗಂಟೆಯ ಕಾಲ ಬೇಯಿಸಬೇಕು. ತೊಡೆಯ ದಪ್ಪಭಾಗವನ್ನು ಕೊಯ್ದು ನೋಡಿದಾಗ ಒಳಗೆ ನಸುಗೆಂಪು ಬಣ್ಣ ಉಳಿದಿರಕೂಡದು. ಉಷ್ಣಮಾಪಕವಿರುವವರು ಮಾಂಸದ ನಡುಭಾಗವು 74 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತೇ ಎಂದು ನೋಡಬಹುದು. ಶೀತಪೆಟ್ಟಿಗೆಯಲ್ಲಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಹತ್ತು ದಿನ ಹೆಪ್ಪುಗಟ್ಟಿಸಿದರೆ ಲಾಡಿಹುಳುವಿನ ಗುಳ್ಳೆಗಳು ಸಾಯುತ್ತವೆಂಬುದು ನಿಜವೇ. ಆದರೆ ಸಾಲ್ಮೊನೆಲ್ಲಾ ಮೊದಲಾದ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಮತ್ತು ವಿದ್ಯುತ್ತು ದಿನಕ್ಕೆ ನಾಲ್ಕು ಸಲ ನಿಲ್ಲುವ ಹಳ್ಳಿಯಲ್ಲಿ ಹತ್ತು ದಿನದ ಹೆಪ್ಪನ್ನು ನಂಬುವಂತಿಲ್ಲ. ಒಲೆಯೇ ಮೇಲು.

ಬೆಂದ ಮಾಂಸದಿಂದ ಎಲುಬುಗಳನ್ನೆಲ್ಲ ಬೇರ್ಪಡಿಸಲೇಬೇಕು. ಮೊಲದ ಎಲುಬು ತೆಳುವಾದುದು. ಬೆಂದ ಮೇಲೆ ಗಾಜಿನ ಚೂರಿನಂತೆ ಉದ್ದುದ್ದವಾಗಿ ಸಿಗಿದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೆ ಕರುಳನ್ನು ತೂತುಮಾಡುತ್ತದೆ. ಹಬ್ಬದ ಮರುದಿನ ವಾಂತಿಮಾಡುತ್ತ, ಮಲಕಟ್ಟಿ, ಬೆನ್ನು ಬಾಗಿಸಿ ನಿಲ್ಲುವ ನಾಯಿಗಳಲ್ಲಿ ಬಹುಪಾಲು ಎಲುಬು ತಿಂದವೇ. ಮನೆಯವರಿಗೆಂದು ಮಾಡಿದ ಸಾರಿನ ತುಂಡುಗಳನ್ನು ಹಾಕುವುದೂ ತಪ್ಪು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಇನ್ನೂ ಹೆಚ್ಚು ಕೇಡು. ಪ್ರಾಣಿಗಳ ಪಾಲನ್ನು ಒಗ್ಗರಣೆಗೆ ಮೊದಲೇ, ಉಪ್ಪು ಖಾರಗಳಿಲ್ಲದೆ, ತೆಗೆದಿರಿಸತಕ್ಕದ್ದು.

ಎಲುಬನ್ನು ತೆಗೆದುಬಿಟ್ಟರೆ ಸುಣ್ಣದ ಅಂಶವು ಹೋಯಿತು. ಬರಿಯ ಮಾಂಸದಲ್ಲಿ ರಂಜಕವು ಹೆಚ್ಚಾಗಿಯೂ ಸುಣ್ಣವು ಅತ್ಯಲ್ಪವಾಗಿಯೂ ಇರುವುದರಿಂದ, ತಿಂಗಳುಗಟ್ಟಲೆ ಅದನ್ನೇ ತಿಂದ ಮರಿಗಳ ದೇಹವು ತನ್ನ ಎಲುಬಿನಿಂದಲೇ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಕಾಲುಗಳು ಬಾಗುತ್ತವೆ, ಕಟ್ಟೆಯಿಂದ ಹಾರಿದರೆ ಮುರಿಯುತ್ತವೆ. ಇದಕ್ಕೆ ಪರಿಹಾರವು ಪ್ರತಿ ಮನೆಯಲ್ಲಿಯೂ ಇದೆ. ಕೋಳಿಮೊಟ್ಟೆಯ ಚಿಪ್ಪನ್ನು ತೊಳೆದು, ಹುರಿದು, ನುಣ್ಣಗೆ ಪುಡಿಮಾಡಿ, ಎಲುಬಿಲ್ಲದ ಅರ್ಧ ಕಿಲೋಗ್ರಾಂ ಮಾಂಸಕ್ಕೆ ಅರ್ಧ ಟೀ ಚಮಚದಷ್ಟು ಸೇರಿಸಿದರೆ ಸಾಕು. ಕೊಬ್ಬಿನ ಕೊರತೆಗೆ ಒಂದು ಚಮಚ ಕಡಲೆಕಾಯಿ ಎಣ್ಣೆ. ವಯಸ್ಸಿಗೆ ಬಂದ ನಾಯಿಗೆ ದಿನಕ್ಕೆ ಅದರ ತೂಕದ ನೂರಕ್ಕೆ ಎರಡು ಮೂರು ಭಾಗದಷ್ಟು ಬೆಂದ ಆಹಾರವು ಬೇಕಾಗುತ್ತದೆ. ಎಂದರೆ 15 ಕಿಲೋಗ್ರಾಂ ತೂಗುವ ನಾಯಿಗೆ 300ರಿಂದ 450 ಗ್ರಾಂ. ಇದರಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಮಾಂಸವಿದ್ದು, ಉಳಿದುದು ಅನ್ನ, ರಾಗಿಯ ಅಂಬಲಿ, ಬೆಂದ ಕುಂಬಳ ಇವುಗಳಾಗಬಹುದು. ಹೊಸದಾಗಿ ಕೊಡುವಾಗ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸದಿದ್ದರೆ ಭೇದಿಯಾಗುತ್ತದೆ.

ಬೆಕ್ಕಿನ ವಿಷಯವು ಬೇರೆ. ನಾಯಿಯು ಮುದ್ದೆಯನ್ನು ತಿಂದು ಬದುಕೀತು. ಬೆಕ್ಕು ಮಾಂಸವಿಲ್ಲದೆ ಬದುಕದು. ಟಾರಿನ್ ಎಂಬ ಪದಾರ್ಥವನ್ನು ಬಹುಮಟ್ಟಿಗೆ ಇತರ ಪ್ರಾಣಿಗಳ ದೇಹವು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹವು ಅಗತ್ಯವಾದಷ್ಟನ್ನು ತಯಾರಿಸಲಾರದು. ಇದರ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುವುದಲ್ಲದೆ ಹೃದಯವು ಹಿಗ್ಗಿ ದುರ್ಬಲವಾಗುವುದೆಂದೂ, ಟಾರಿನ್ ಕೊಟ್ಟರೆ ಹೃದಯವು ಚೇತರಿಸಿಕೊಳ್ಳುವುದೆಂದೂ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯರು 1987ರಲ್ಲಿ ಪ್ರಕಟಿಸಿದರು. ಮೊಲದ ಮಾಂಸದಲ್ಲಿ ಈ ಪದಾರ್ಥವು ಬೆಕ್ಕಿಗೆ ಸಾಲುವಷ್ಟು ಇರುವುದಿಲ್ಲ. ಇರುವುದೂ ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಆದುದರಿಂದ ಬೆಕ್ಕಿಗೆ ಬೇಯಿಸುವಾಗ ನೀರನ್ನು ಮಿತವಾಗಿ ಹಾಕಿ ಆ ರಸವನ್ನು ಚೆಲ್ಲದೆ ಮಾಂಸದೊಡನೆಯೇ ಕೊಡಬೇಕು. ಮೊಲದ ಹೃದಯವನ್ನು ಬೇಯಿಸಿ ಅದಕ್ಕೇ ಮೀಸಲಿಡಬೇಕು. ವಾರದಲ್ಲಿ ಕೆಲವು ದಿನ ಮೀನು, ಕೋಳಿಯ ಹೃದಯ ಮೊದಲಾದುವನ್ನು ಬದಲಿಸಬೇಕು. ಬೇರೇನೂ ಸಿಕ್ಕದೆ ಮೊಲದ ಮಾಂಸವೊಂದನ್ನೇ ತಿನ್ನುವ ಬೆಕ್ಕಿಗೆ ವೈದ್ಯರಿಂದ ಟಾರಿನ್ ಬರೆಸಿಕೊಳ್ಳುವುದು ಅವಶ್ಯಕ. ಯಕೃತ್ತು ಬೆಕ್ಕಿಗೆ ಬಹಳ ಪ್ರಿಯವಾದರೂ ಊಟದಲ್ಲಿ ಇಪ್ಪತ್ತರಲ್ಲಿ ಒಂದು ಪಾಲನ್ನು ಮೀರಕೂಡದು. ದಿನವೂ ಹೆಚ್ಚಾಗಿ ತಿಂದರೆ ಎ ಜೀವಸತ್ವವು ವಿಷವಾಗಿ ಪರಿಣಮಿಸಿ ಕುತ್ತಿಗೆಯ ಎಲುಬುಗಳು ಬೆಸೆದುಕೊಳ್ಳುತ್ತವೆ.

ಹಸಿಮಾಂಸದಿಂದ ಬೆಕ್ಕಿಗೆ ತಗಲುವ ಟಾಕ್ಸೊಪ್ಲಾಸ್ಮಾ ಎಂಬ ಜೀವಿಯನ್ನೂ ಇಲ್ಲಿ ಹೇಳಬೇಕಾಗಿದೆ. ಬೆಕ್ಕು ಮೊದಲ ಸಲ ಸೋಂಕಿಗೊಳಗಾದ ಮೇಲೆ ಒಂದೆರಡು ವಾರಗಳ ಕಾಲ ಅದರ ಮಲದಲ್ಲಿ ಈ ಜೀವಿಯ ಬೀಜಗಳು ಹೇರಳವಾಗಿ ಹೊರಬೀಳುತ್ತವೆ. ಹುಲ್ಲಿನ ಬಣವೆಯಲ್ಲಿಯೋ ಹಿಂಡಿಯ ಕೋಣೆಯಲ್ಲಿಯೋ ಬೆಕ್ಕು ಮಲವಿಸರ್ಜಿಸಿದರೆ ಗಬ್ಬದ ಕುರಿ ಮೇಕೆಗಳು ಕಂದುಹಾಕಬಹುದು. ಗರ್ಭಿಣಿಯಾದ ಸ್ತ್ರೀಗೆ ಸೋಂಕಿದರೆ ಗರ್ಭದ ಶಿಶುವಿಗೆ ಅಪಾಯ. ಬೆಂದ ಮಾಂಸದಲ್ಲಿ ಈ ಜೀವಿಯು ಉಳಿಯುವುದಿಲ್ಲ. ಹೊರಬಿದ್ದ ಬೀಜಗಳು ಅಂಟುವ ಸ್ಥಿತಿಗೆ ಬರಲು ಒಂದು ದಿನಕ್ಕೆ ಕಡಿಮೆಯಿಲ್ಲದಷ್ಟು ಕಾಲ ಬೇಕಾಗುವುದರಿಂದ ಮಲವನ್ನು ಪ್ರತಿದಿನವೂ ತೆಗೆದು ಹೂಳಬೇಕು. ಈ ಕೆಲಸವನ್ನು ಗರ್ಭಿಣಿಯರಿಗೆ ಒಪ್ಪಿಸಕೂಡದು.

ಗೂಡಿನಲ್ಲಿ ತಾನಾಗಿ ಸತ್ತ ಮೊಲವನ್ನು, ಅದು ಎಷ್ಟೇ ಕೊಬ್ಬಿದ್ದರೂ, ನಾಯಿಗೆ ಹಾಕಬಾರದು. ಸತ್ತ ಕಾರಣವು ಇಲಿಪಾಷಾಣವಾಗಿರಬಹುದು, ಔಷಧ ಸಿಂಪಡಿಸಿದ ಸೊಪ್ಪಾಗಿರಬಹುದು. ಕಜ್ಜಿಗೆ ಐವರ್ಮೆಕ್ಟಿನ್ ಚುಚ್ಚಿಸಿದ ಮೊಲದ ಮಾಂಸವನ್ನು ಎಷ್ಟು ದಿನ ಬಿಟ್ಟು ಬಳಸಬೇಕೆಂಬುದನ್ನು ವೈದ್ಯರನ್ನು ಕೇಳಿ ಗೂಡಿನ ಹಲಗೆಯ ಮೇಲೆ ದಿನಾಂಕವನ್ನು ಬರೆದಿಡಬೇಕು. ಕೋಲಿ ಮೊದಲಾದ ಕುರಿಕಾವಲಿನ ವಿದೇಶೀ ತಳಿಯ ನಾಯಿಗಳಲ್ಲಿ ಹಲವಕ್ಕೆ ಆ ಔಷಧವು ಅತಿ ತೀಕ್ಷ್ಣ.

ಈಗಾಗಲೇ ಹಸಿ ಕರುಳನ್ನು ತಿನ್ನುತ್ತ ಬಂದಿರುವ ನಾಯಿಗೆ ಲಾಡಿಹುಳುವಿನ ಔಷಧವನ್ನು ಕೊಡಿಸಬೇಕು. ಪಿಪರಜೀನ್ ದುಂಡುಹುಳುವಿಗೆ ಮಾತ್ರ. ಲಾಡಿಹುಳುವಿಗೆ ಅದು ನಾಟದು. ಪ್ರಾಜಿಕ್ವಾಂಟೆಲ್ ಎಂಬುದೇ ಬೇಕು. ಅದರ ಪ್ರಮಾಣವು ಸಾಮಾನ್ಯವಾಗಿ ತೂಕದ ಒಂದು ಕಿಲೋಗ್ರಾಂಗೆ 5 ಮಿಲಿಗ್ರಾಂ. ಪಶುಚಿಕಿತ್ಸಾಲಯದಲ್ಲಿ ನಾಯಿಯನ್ನು ತೂಗಿಸಿಯೇ ಕೊಡುವುದು ಸರಿ. ಹಸಿ ಒಳಾಂಗಗಳು ಸಿಕ್ಕುವ ಸಂಭವವು ತಪ್ಪದಿರುವ ಊರುಗಳಲ್ಲಿ ಆರು ವಾರಗಳಿಗೊಮ್ಮೆ ಕೊಟ್ಟರೆ ಹುಳುವು ತತ್ತಿಯಿಡುವ ವೇಳೆಗೆ ಮುಂಚೆಯೇ ನಾಶವಾಗುತ್ತದೆ. ಔಷಧ ಕೊಟ್ಟ ಮೇಲೆ ಮೂರು ದಿನ ನಾಯಿಯನ್ನು ಕಟ್ಟಿಹಾಕಿ ಅದರ ಮಲವನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಇಷ್ಟಾದ ಮೇಲೂ ಸೌತೆಬೀಜದಂತಹ ಚೂರುಗಳು ನಾಯಿಯ ಬಾಲದ ಬುಡದಲ್ಲಿ ಕಾಣುತ್ತಿದ್ದರೆ ಅದು ಮಾಂಸದಿಂದ ಬಂದುದಲ್ಲ. ಚಿಗಟದಿಂದ ಹರಡುವ ಬೇರೊಂದು ಲಾಡಿಹುಳುವು ಅದು, ಮತ್ತು ಆಗ ಚಿಕಿತ್ಸೆಯು ನಾಯಿ ಮಲಗುವ ಗೋಣಿತಾಟಿನಿಂದಲೇ ಆರಂಭವಾಗಬೇಕು.